ಪಾಪ್‌ಅಪ್ ಬರುವುದಿಲ್ಲ, ಬಂದರೆ ಹೋಗುವುದಿಲ್ಲ: ಭಾನುವಾರದ ಪ್ರಶ್ನೋತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ವೆಬ್ ಪೇಜಿನ ಪಾಪ್‌ಅಪ್, ಡಯಲಾಗ್ ಇವುಗಳ ತೊಂದರೆಗೆ ಈ ವಾರ ಉತ್ತರ ಕೊಡಲು ಅಡ್ಮಿನ್ ನನಗೆ ಹೇಳಿದ್ದಾರೆ. ನಾನು ಮಂಗಳೂರು ಕದ್ರಿಯವಳು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಕೇಳುವಾಗ ಮೂರು ವಿಷಯ ಬರೆಯಿರಿ: ನಿಮ್ಮ ಊರು, ಯಾವ ಬ್ರೌಸರ್, ಯಾವ ಫೋನ್ ಅಥವಾ ಕಂಪ್ಯೂಟರ್. "ಪಾಪ್‌ಅಪ್ ಬರುವುದಿಲ್ಲ" ಅಂತ ಮಾತ್ರ ಬರೆದರೆ ನನಗೆ ಎಂತದೂ ಗೊತ್ತಾಗುವುದಿಲ್ಲ.

ಸುರತ್ಕಲ್, ಸಫಾರಿ, ಐಫೋನ್: ಅಕ್ಕ, ನಮ್ಮ ಕ್ಯಾಟರಿಂಗ್ ಸೈಟಲ್ಲಿ "ರಶೀದಿ ನೋಡಿ" ಒತ್ತಿದರೆ ಹೊಸ ವಿಂಡೋದಲ್ಲಿ ರಶೀದಿ ತೆರೆಯಬೇಕು. ಕಂಪ್ಯೂಟರಿನ ಕ್ರೋಮಲ್ಲಿ ತೆರೆಯುತ್ತದೆ. ಐಫೋನಲ್ಲಿ ಏನೂ ಆಗುವುದಿಲ್ಲ. ಎರರ್ ಕೂಡ ಇಲ್ಲ.

ಉತ್ತರ: ಬಟನ್ ಒತ್ತಿದ ಮೇಲೆ ಮೊದಲು ಸರ್ವರಿಗೆ ಹೋಗಿ ರಶೀದಿ ನಂಬರ್ ತರುತ್ತೀರಿ, ಆಮೇಲೆ ವಿಂಡೋ ತೆರೆಯುತ್ತೀರಿ. ಹೌದಾ?

ಸುರತ್ಕಲ್: ಹೌದು ಅಕ್ಕ. ಮಧ್ಯದಲ್ಲಿ ಅವೇಟ್ ಇದೆ, ಸರ್ವರಿನ ಉತ್ತರ ಬರುವವರೆಗೆ ಕಾಯುವ ಸಾಲು.

ಉತ್ತರ: ಅಲ್ಲೇ ಇರುವುದು ತೊಂದರೆ. ಜನ ಬೆರಳು ಒತ್ತಿದ ಆ ಹೊತ್ತಿನಲ್ಲಿ ತೆರೆದ ವಿಂಡೋಗೆ ಮಾತ್ರ ಬ್ರೌಸರ್ ಒಪ್ಪುತ್ತದೆ. ಇಲ್ಲದಿದ್ದರೆ ಜಾಹೀರಾತಿನವರು ತಮಗೆ ಬೇಕಾದಾಗ ವಿಂಡೋ ತೆರೆಯುತ್ತಿದ್ದರು. ಕ್ರೋಮ್ ಆ ಒಪ್ಪಿಗೆಯನ್ನು ಸುಮಾರು 5 ಸೆಕೆಂಡ್ ಇಟ್ಟುಕೊಳ್ಳುತ್ತದೆ. ಸಫಾರಿ ಇದರಲ್ಲಿ ತುಂಬಾ ಬಿಗಿ. ಸರ್ವರಿನ ಉತ್ತರ ಬರುವಾಗ ಅದರ ಲೆಕ್ಕದಲ್ಲಿ ನೀವು ಒತ್ತಿದ್ದು ಮುಗಿದುಹೋಗಿರುತ್ತದೆ. ಹಾಗಾಗಿ ಒತ್ತಿದ ಕೂಡಲೇ ಒಂದು ಖಾಲಿ ವಿಂಡೋ ತೆರೆಯಿರಿ. ಅದನ್ನು ವೇರಿಯೇಬಲಲ್ಲಿ ಹಿಡಿದಿಟ್ಟುಕೊಳ್ಳಿ. ವಿಳಾಸ ಬಂದ ಮೇಲೆ ಅದೇ ವಿಂಡೋಗೆ ಹಾಕಿ. ಸರ್ವರ್ ಕೈಕೊಟ್ಟರೆ ಆ ಖಾಲಿ ವಿಂಡೋ ಮುಚ್ಚಿ, ಜನ ಬಿಳಿ ಪುಟ ನೋಡಿಕೊಂಡು ಕೂರಬಾರದು. ನೋಓಪನರ್ (ಹೊಸ ವಿಂಡೋಗೂ ನಿಮ್ಮ ಪೇಜಿಗೂ ಸಂಬಂಧ ಕಡಿಯುವ ಆಯ್ಕೆ) ಹಾಕಬೇಡಿ. ಹಾಕಿದರೆ ವಿಂಡೋ ತೆರೆಯುತ್ತದೆ, ಆದರೆ ನಿಮ್ಮ ವೇರಿಯೇಬಲಿಗೆ ನಲ್, ಅಂದರೆ ಖಾಲಿ, ಬರುತ್ತದೆ.

ರಶೀದಿ ನಂಬರ್ ಮೊದಲೇ ಗೊತ್ತಿದ್ದರೆ ಇಷ್ಟೆಲ್ಲ ಬೇಡ. ಸಾಮಾನ್ಯ ಲಿಂಕ್ ಕೊಡಿ, ಸಾಕು.

ಸುರತ್ಕಲ್: ಬಂತು ಅಕ್ಕ! ತುಂಬಾ ಉಪಕಾರ ಆಯ್ತು.

ಬಿ.ಸಿ.ರೋಡ್, ಕ್ರೋಮ್: ಮೇಡಂ, ನಾನು ಸೈಟಿನ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದಿದ್ದೇನೆ. ಆದರೆ ಕೆಳಗಿನ ಬಟನ್ ಮಾತ್ರ "ಓಕೆ", "ಕ್ಯಾನ್ಸಲ್" ಅಂತ ಇಂಗ್ಲಿಷಲ್ಲಿ ಬರುತ್ತದೆ. ನಮ್ಮಲ್ಲಿಗೆ ಬರುವವರು ಹೆಚ್ಚಿನವರು ಹಿರಿಯರು. "ಸರಿ", "ಬೇಡ" ಅಂತ ಮಾಡುವುದು ಹೇಗೆ?

ಉತ್ತರ: ಅಲರ್ಟ್ (ಬರೀ ಸಂದೇಶ), ಕನ್ಫರ್ಮ್ (ಓಕೆ, ಕ್ಯಾನ್ಸಲ್ ಕೇಳುವುದು), ಪ್ರಾಂಪ್ಟ್ (ಉತ್ತರ ಬರೆಸುವುದು) ಈ ಮೂರೂ ಬ್ರೌಸರಿನ ಸ್ವಂತ ಪೆಟ್ಟಿಗೆ. ಬಟನ್ ಬ್ರೌಸರಿನ ಭಾಷೆಯಲ್ಲಿ ಬರುತ್ತದೆ, ನಿಮ್ಮ ಪೇಜಿನ ಭಾಷೆಯಲ್ಲಿ ಅಲ್ಲ. ಅದನ್ನು ನಾವು ಬದಲಿಸಲು ಆಗುವುದಿಲ್ಲ. ಮೇಲೆ ಬರುವ ಸೈಟಿನ ಹೆಸರೂ ಹಾಗೆಯೇ. ಅದನ್ನು ತೆಗೆಯಲು ಬಿಟ್ಟರೆ ಮೋಸಗಾರರು ಬ್ಯಾಂಕಿನ ಹೆಸರಲ್ಲಿ ಪೆಟ್ಟಿಗೆ ತೋರಿಸುತ್ತಿದ್ದರು. ನೀವು ಡಯಲಾಗ್ ಟ್ಯಾಗ್ ಬಳಸಿ, ಅದು ಪುಟದೊಳಗೇ ಪೆಟ್ಟಿಗೆ ಮಾಡುವ ಎಚ್‌ಟಿಎಂಎಲ್ ಟ್ಯಾಗ್. ಅದರೊಳಗಿನ ಬಟನ್ ನಿಮ್ಮದೇ, ಹಿರಿಯರಿಗಾಗಿ ಅಕ್ಷರವನ್ನೂ ದೊಡ್ಡದು ಮಾಡಬಹುದು. ಕ್ರೋಮಲ್ಲಿ ಅದು 2014ರಿಂದ, 37ನೇ ಆವೃತ್ತಿಯಿಂದ ಇದೆ. ಫೈರ್‌ಫಾಕ್ಸ್ 98 ಮತ್ತು ಸಫಾರಿ 15.4ಕ್ಕೆ ಬಂದದ್ದು 2022ರ ಮಾರ್ಚಲ್ಲಿ.

ಪುತ್ತೂರು: ಐಫೋನಲ್ಲಿ ಪಾಪ್‌ಅಪ್ ಓಪನ್ ಆಗುವುದಿಲ್ಲ ಮೇಡಂ. ಏನು ಮಾಡಬೇಕು?

ಉತ್ತರ: ಸುರತ್ಕಲಿನವರಿಗೆ ಬರೆದದ್ದು ಓದಿ.

ಕಾರ್ಕಳ: ಐಫೋನಿನವರು ಕ್ರೋಮ್ ಹಾಕಿಕೊಂಡರೆ ಆಯ್ತಲ್ಲ. ಇಷ್ಟುದ್ದ ಬರೆಯುವುದೆಂತಕ್ಕೆ?

ಮಣಿಪಾಲ: ಐಫೋನಿನ ಕ್ರೋಮ್ ಒಳಗೆ ಇರುವುದೂ ಸಫಾರಿಯ ವೆಬ್‌ಕಿಟ್ಟೇ, ಅಂದರೆ ಪುಟ ತೋರಿಸುವ ಒಳಗಿನ ಎಂಜಿನ್ ಒಂದೇ. ಹೆಸರು ಮಾತ್ರ ಬೇರೆ. ಸಫಾರಿಯ ರೋಗ ಅಲ್ಲಿಯೂ ಇರುತ್ತದೆ.

ಕಾರ್ಕಳ: ನನ್ನ ಫೋನಲ್ಲಿ ಕ್ರೋಮ್ ಸರಿಯಾಗಿ ನಡೆಯುತ್ತದೆ. ಸುಮ್ನೆ ಪುಸ್ತಕ ಓದಿ ಹೇಳಬೇಡಿ.

ಮಣಿಪಾಲ: ನಿಮ್ಮ ಫೋನ್ ಆಂಡ್ರಾಯ್ಡಾ, ಐಫೋನಾ?

ಕಾರ್ಕಳ: ಆಂಡ್ರಾಯ್ಡ್. ಅದಕ್ಕೇನೀಗ?

ಉತ್ತರ: ಮಣಿಪಾಲದವರು ಹೇಳಿದ್ದು ಸರಿ. 2024ರಲ್ಲಿ ಐಒಎಸ್ 17.4 ಬಂದಾಗ ಯುರೋಪಿಯನ್ ಯೂನಿಯನ್ ದೇಶಗಳಲ್ಲಿ ಬೇರೆ ಎಂಜಿನಿಗೆ ದಾರಿ ಬಿಟ್ಟರು. ನಮ್ಮಲ್ಲಿ ಐಫೋನಿನ ಕ್ರೋಮ್, ಫೈರ್‌ಫಾಕ್ಸ್ ಎಲ್ಲ ಒಳಗೆ ವೆಬ್‌ಕಿಟ್. ಮುಂದಿನ ಪ್ರಶ್ನೆ.

ಮಲ್ಪೆ, ಫೈರ್‌ಫಾಕ್ಸ್, ವಿಂಡೋಸ್ 7 ಕಂಪ್ಯೂಟರ್: ಅಕ್ಕ, ನಾನು ಕೋಡ್ ಕಲಿತವನಲ್ಲ, ನೋಡಿ ನೋಡಿ ಬರೆದದ್ದು. ನಮ್ಮ ಮಾವನ ಐಸ್ ಪ್ಲಾಂಟಿಗೆ ಒಂದು ಲೆಕ್ಕದ ಪೇಜ್ ಮಾಡಿದ್ದೇನೆ. ಜೂನ್ ಜುಲೈಯಲ್ಲಿ ಬೋಟು ಕಡಲಿಗೆ ಇಳಿಯದೆ ಕೆಲಸ ಇಲ್ಲದಿದ್ದಾಗ ಕೂತು ಬರೆದೆ. ಯಾವ ಬೋಟಿಗೆ ಎಷ್ಟು ಐಸ್, ಬಾಕಿ ಎಷ್ಟು, ಅಷ್ಟೇ. ಆಗಸ್ಟಿಂದ ಕೆಲವು ಎಂಟ್ರಿ ತನ್ನಷ್ಟಕ್ಕೆ ಮಾಯ ಆಗುತ್ತಿದೆ. ಎಲ್ಲ ಅಲ್ಲ, ಕೆಲವು. ನನ್ನ ಮನೆಯ ಕ್ರೋಮಲ್ಲಿ ಎಷ್ಟು ಸಲ ನೋಡಿದರೂ ಸರಿ ಇದೆ. ಕೌಂಟರಲ್ಲಿ ಮಾತ್ರ ಹೋಗುತ್ತದೆ. ಮಾವ ಕೌಂಟರಿನ ಹುಡುಗನ ಮೇಲೆ ಸಂಶಯ ಪಡುತ್ತಿದ್ದಾರೆ. ಪಾಪ್‌ಅಪ್‌ಗೂ ಇದಕ್ಕೂ ಸಂಬಂಧ ಉಂಟಾ ಗೊತ್ತಿಲ್ಲ. ಎಂಟ್ರಿ ಎರಡು ಸಲ ಆದರೆ ಪಾಪ್‌ಅಪ್ ಬರುವ ಹಾಗೆ ಮಾಡಿದ್ದೆ, ಅದಕ್ಕೆ ಕೇಳಿದೆ.

ಉತ್ತರ: ಆ ಹುಡುಗನಿಗೆ ಯಾರೂ ಏನೂ ಹೇಳಬೇಡಿ, ಒಂದು ಗಂಟೆ ತಡೆಯಿರಿ. ನನಗೆ ನಾಲ್ಕು ಉತ್ತರ ಬೇಕು. ಪಾಪ್‌ಅಪ್‌ನಲ್ಲಿ ಬರೆದ ಮಾತು ಅಕ್ಷರಶಃ ಏನು? ಕ್ಯಾನ್ಸಲ್ ಒತ್ತಿದರೆ ಏನಾಗುತ್ತದೆ? ಎಂಟ್ರಿ ಒಂದೊಂದಾಗಿ ಹಾಕುತ್ತಾರಾ, ಒಟ್ಟಿಗಾ? ಮಾಯ ಆದದ್ದು ಆಯಾ ಬೋಟಿನ ಮೊದಲ ಎಂಟ್ರಿಯಾ, ಎರಡನೆಯದಾ?

ಕುಂದಾಪುರ: *ಫಾರ್ವರ್ಡ್ ಸಂದೇಶ* ತುರ್ತು ಮಾಹಿತಿ! ಪಾಪ್‌ಅಪ್ ಸಮಸ್ಯೆಗೆ ನೂರಕ್ಕೆ ನೂರು ಪರಿಹಾರ. ಬ್ಲಾಕರ್ ಪೂರ್ತಿ ಆಫ್ ಮಾಡಿ. ಆಂಟಿವೈರಸ್ ಆಫ್ ಮಾಡಿ. ಎಫ್12 ಒತ್ತಿ ಕೆಳಗಿನ ಕೋಡ್ ಪೇಸ್ಟ್ ಮಾಡಿ. ಎಲ್ಲಾ ಗುಂಪಿಗೂ ಕಳಿಸಿ.

ಉತ್ತರ: ಯಾರೂ ಇದನ್ನು ಮಾಡಬೇಡಿ. ಎಫ್12 ಒತ್ತಿದರೆ ಬ್ರೌಸರಿನ ಕೋಡ್ ಬರೆಯುವ ಜಾಗ ತೆರೆಯುತ್ತದೆ, ಅಲ್ಲಿ ಪೇಸ್ಟ್ ಮಾಡಿದ ಕೋಡ್ ಆ ಸೈಟಿನೊಳಗೆ ನಿಮ್ಮ ಹೆಸರಲ್ಲೇ ಓಡುತ್ತದೆ. ನೀವು ಲಾಗಿನ್ ಆಗಿದ್ದರೆ ನಿಮ್ಮ ಖಾತೆ ಅದರ ಕೈಗೆ ಹೋಗುತ್ತದೆ. ಇದಕ್ಕಾಗಿಯೇ ಫೈರ್‌ಫಾಕ್ಸ್, ಕ್ರೋಮ್ ಎರಡೂ ಅಲ್ಲಿ ಪೇಸ್ಟ್ ಮಾಡುವ ಮೊದಲು ತಡೆದು ಎಚ್ಚರಿಸುತ್ತವೆ. ಬ್ಲಾಕರನ್ನು ಪೂರ್ತಿ ಆಫ್ ಮಾಡುವುದೂ ಬೇಡ. ನಿಮಗೆ ನಂಬಿಕೆ ಇರುವ ಒಂದು ಸೈಟಿಗೆ ಮಾತ್ರ ಬಿಡಿ. ಕ್ರೋಮಲ್ಲಿ ತಡೆದ ಕೂಡಲೇ ವಿಳಾಸದ ಪಟ್ಟಿಯ ಬಲಗಡೆ ಒಂದು ಚಿಹ್ನೆ ಬರುತ್ತದೆ. ಅಲ್ಲಿಂದಲೇ ಬಿಡಬಹುದು.

ಕುಂದಾಪುರ: ನನಗೆ ಬಂದದ್ದನ್ನು ಕಳಿಸಿದೆ ಅಷ್ಟೇ. ತುಂಬಾ ಜನರಿಗೆ ಉಪಯೋಗ ಆಗಿದೆಯಂತೆ.

ಮೂಡುಬಿದಿರೆ, ಕ್ರೋಮ್: ಮಾಡಲ್ (ಪುಟದ ಮೇಲೆ ಬರುವ ಪೆಟ್ಟಿಗೆ) ತೆರೆದರೆ ಅದು ಹೆಡರಿನ ಹಿಂದೆ ಹೋಗುತ್ತದೆ. ಯಾವುದು ಮೇಲೆ ಬರಬೇಕು ಅಂತ ಹೇಳುವ ಝಡ್ ಇಂಡೆಕ್ಸ್ ಒಂಬತ್ತು ಲಕ್ಷ ಕೊಟ್ಟೆ. ಆದರೂ ಮೇಲೆ ಬರುವುದಿಲ್ಲ.

ಉತ್ತರ: ಒಂಬತ್ತು ಕೋಟಿ ಕೊಟ್ಟರೂ ಬರುವುದಿಲ್ಲ. ಮಾಡಲನ್ನು ಸುತ್ತುವರಿದ ಯಾವುದೋ ಡಿವ್‌ಗೆ (ಪುಟದ ಒಂದು ಭಾಗಕ್ಕೆ) ಟ್ರಾನ್ಸ್‌ಫಾರ್ಮ್ ಅಥವಾ ಫಿಲ್ಟರ್ ಇದೆ. ಆಗ ಝಡ್ ಇಂಡೆಕ್ಸ್ ಲೆಕ್ಕ ಆ ಡಿವ್‌ನ ಒಳಗೆ ಮಾತ್ರ. ಪೊಸಿಷನ್ ಫಿಕ್ಸೆಡ್ ಕೂಡ ಪರದೆಯನ್ನು ಬಿಟ್ಟು ಆ ಡಿವ್‌ಗೆ ಅಂಟುತ್ತದೆ. ಮಾಡಲನ್ನು ಬಾಡಿಯ ಕೊನೆಗೆ ಹಾಕಿ. ಅಥವಾ ಡಯಲಾಗ್ ಟ್ಯಾಗ್ ತೆಗೆದುಕೊಂಡು ಶೋಮಾಡಲ್ ಕರೆಯಿರಿ. ಅದು ಪುಟದ ಎಲ್ಲಾ ಪದರದ ಮೇಲೆ ಪ್ರತ್ಯೇಕ ಪದರದಲ್ಲಿ ಕೂರುತ್ತದೆ. ಬರೀ ಓಪನ್ ಆಟ್ರಿಬ್ಯೂಟ್ ಹಾಕಿದರೆ ಹಾಗೆ ಆಗುವುದಿಲ್ಲ, ನೆನಪಿರಲಿ.

ಉಳ್ಳಾಲ: ಐಫೋನಲ್ಲಿ ಡಯಲಾಗಿನ ಕೆಳಗಿನ ಬಟನ್ ಕಾಣುವುದಿಲ್ಲ. ಟೈಪ್ ಮಾಡಲು ಹೋದರೆ ಪುಟ ದೊಡ್ಡದಾಗುತ್ತದೆ.

ಉತ್ತರ: ಡಯಲಾಗಿನ ಎತ್ತರದಲ್ಲಿ 100ವಿಎಚ್ ತೆಗೆದು 100ಡಿವಿಎಚ್ ಹಾಕಿ, ಅದು ಬ್ರೌಸರಿನ ಪಟ್ಟಿ ಬಿಟ್ಟು ಕಾಣುವ ಎತ್ತರವನ್ನು ಮಾತ್ರ ಲೆಕ್ಕ ಹಾಕುತ್ತದೆ. ಇನ್‌ಪುಟ್ ಅಕ್ಷರ 16 ಪಿಕ್ಸೆಲಿಗಿಂತ ಸಣ್ಣದು ಬೇಡ.

ಸುಳ್ಯ: ಕಾಲೇಜಿಗೆ ಹೋಗುವ ಮಗಳಿಗೆ ಲ್ಯಾಪ್‌ಟಾಪ್ ಯಾವುದು ತೆಗೆದುಕೊಳ್ಳುವುದು ಒಳ್ಳೆಯದು ಮೇಡಂ?

ಮಲ್ಪೆ: ಅಕ್ಕ, ಕೇಳಿ ಬಂದೆ. ಮಾತು ಹೀಗಿದೆ: "ಈ ಬೋಟು ಇವತ್ತು ಒಮ್ಮೆ ಬಂದಿದೆ. ಎರಡನೆಯದನ್ನೂ ಇಟ್ಟುಕೊಳ್ಳುವುದಾ?" ಓಕೆ ಅಂದರೆ ಇಡುತ್ತದೆ, ಕ್ಯಾನ್ಸಲ್ ಅಂದರೆ ತೆಗೆಯುತ್ತದೆ. ಬೆಳಿಗ್ಗೆ ನಾಲ್ಕು ಗಂಟೆಗೆ ರಶ್ ಇರುವಾಗ ಹುಡುಗ ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಆಮೇಲೆ ಇಪ್ಪತ್ತು ಸಾಲು ಒಟ್ಟಿಗೆ ತುಂಬಿಸಿ ಸೇವ್ ಒತ್ತುತ್ತಾನೆ. ಮಾಯ ಆದದ್ದು ಎಲ್ಲ ಎರಡನೇ ಎಂಟ್ರಿ. ಮೊದಲನೆಯದು ಒಂದೂ ಹೋಗಿಲ್ಲ!

ಉತ್ತರ: ಹುಡುಗ ಕದ್ದಿಲ್ಲ. ಮಾವನಿಗೆ ಈಗಲೇ ಫೋನ್ ಮಾಡಿ ಹೇಳಿ, ಆಮೇಲೆ ಇದನ್ನು ಓದಿ.

ಇಪ್ಪತ್ತು ಸಾಲಲ್ಲಿ ಆರೇಳು ಬೋಟು ಎರಡು ಸಲ ಬಂದಿದ್ದರೆ ಸೇವ್ ಒತ್ತಿದಾಗ ಕನ್ಫರ್ಮ್ ಒಂದರ ಹಿಂದೆ ಒಂದು ಬರುತ್ತದೆ. ಹೀಗೆ ಬೇಗ ಬೇಗ ಬಂದರೆ ಫೈರ್‌ಫಾಕ್ಸ್‌ಗೆ ಈ ಪೇಜ್ ಜನರನ್ನು ಪೀಡಿಸುತ್ತಿದೆ ಅಂತ ಅನಿಸುತ್ತದೆ. ಆಗ ಪೆಟ್ಟಿಗೆಯ ಒಳಗೆ ಒಂದು ಟಿಕ್ ಜಾಗ ಕೊಡುತ್ತದೆ, ಈ ಸೈಟ್ ಇನ್ನು ಮುಂದೆ ಕೇಳಬಾರದು ಅಂತ. ಬೆಳಗಿನ ಜಾವ ಎದುರಲ್ಲಿ ಜನ ನಿಂತಿರುವಾಗ ಆ ಹುಡುಗ ಟಿಕ್ ಮಾಡಿದ್ದಾನೆ. ಯಾರಾದರೂ ಮಾಡುತ್ತಾರೆ. ಅಲ್ಲಿಂದ ಆಚೆಗೆ ನಿಮ್ಮ ಪೇಜ್ ಕನ್ಫರ್ಮ್ ಕರೆದಾಗ ಪೆಟ್ಟಿಗೆ ಬರುವುದೇ ಇಲ್ಲ. ಆದರೆ ಉತ್ತರ ಬರುತ್ತದೆ. ಯಾವ ಉತ್ತರ? ಫಾಲ್ಸ್. ಕ್ಯಾನ್ಸಲ್ ಒತ್ತಿದ ಹಾಗೆಯೇ ಲೆಕ್ಕ. ನಿಮ್ಮ ಕೋಡಲ್ಲಿ ಕ್ಯಾನ್ಸಲ್ ಅಂದರೆ ತೆಗೆ ಅಂತ. ಹಾಗಾಗಿ ಯಾರೂ ಕೇಳದೆ, ಯಾರೂ ಹೇಳದೆ ಎರಡನೇ ಎಂಟ್ರಿ ಹೋಗುತ್ತದೆ. ಆ ಟ್ಯಾಬ್ ಮುಚ್ಚಿ ಹೊಸ ಟ್ಯಾಬಲ್ಲಿ ತೆರೆದರೆ ಪೆಟ್ಟಿಗೆ ಮತ್ತೆ ಬರುತ್ತದೆ. ನೀವು ಸಂಜೆ ಹೋಗಿ ನೋಡುವಾಗ ಎಲ್ಲ ಸರಿ ಕಾಣುವುದು ಅದಕ್ಕೇ. ಮನೆಯಲ್ಲಿ ನೀವು ಒಂದೊಂದೇ ಎಂಟ್ರಿ ಹಾಕಿ ನೋಡಿದ್ದೀರಿ, ಅಲ್ವಾ?

ಮಲ್ಪೆ: ಹೌದು ಅಕ್ಕ. ಒಂದೊಂದೇ. ನನಗೆ ಕೈ ನಡುಗುತ್ತಾ ಇದೆ.

ಕಾರ್ಕಳ: ಹಾಗಾದರೆ ಕೌಂಟರಿಗೂ ಕ್ರೋಮ್ ಹಾಕಿ. ಮುಗಿಯಿತು.

ಉತ್ತರ: ಮುಗಿಯುವುದಿಲ್ಲ. ಕ್ರೋಮಲ್ಲಿ ಕನ್ಫರ್ಮ್ ತೆರೆದಿರುವಾಗ ಬೇರೆ ಟ್ಯಾಬಿಗೆ ಹೋದರೆ ಪೆಟ್ಟಿಗೆ ತಾನಾಗಿ ಮುಚ್ಚುತ್ತದೆ. ಉತ್ತರ ಅಲ್ಲಿಯೂ ಫಾಲ್ಸ್. ಹುಡುಗ ಮಧ್ಯದಲ್ಲಿ ವಾಟ್ಸ್ಆಪ್ ವೆಬ್ ನೋಡಿ ಬಂದರೂ ಸಾಕು, ಎಂಟ್ರಿ ಹೋಯಿತು. ಬೇರೆ ಟ್ಯಾಬಿನ ಹಿಂದೆ ಇರುವ ಪೇಜ್ ಕನ್ಫರ್ಮ್ ಕರೆದರೂ ಇದೇ ಗತಿ. ದಯವಿಟ್ಟು ಪ್ರತಿ ಪ್ರಶ್ನೆಗೂ ಕ್ರೋಮ್ ಹಾಕಿ ಅಂತ ಬರೆಯಬೇಡಿ. ಒಬ್ಬ ಹುಡುಗನ ಕೆಲಸದ ವಿಷಯ ಇದು.

ಕಾರ್ಕಳ: ಸಹಾಯ ಮಾಡಲು ಬಂದರೆ ಇಲ್ಲಿ ಬೈಗುಳ. ಒಳ್ಳೆದು.

ಪಡುಬಿದ್ರಿ: ನನ್ನ ಅಭಿಪ್ರಾಯ ಹೇಳುತ್ತೇನೆ. ಐಸ್ ಪ್ಲಾಂಟಿಗೆ ವೆಬ್ ಪೇಜ್ ಯಾಕೆ? ನಮ್ಮ ಅಪ್ಪ ಮೂವತ್ತು ವರ್ಷ ಪುಸ್ತಕದಲ್ಲಿ ಬರೆದರು. ಒಂದು ಸಾಲು ಮಾಯ ಆಗಲಿಲ್ಲ.

ಮಣಿಪಾಲ: ಪುಸ್ತಕ ಒದ್ದೆ ಆಗಿ ಹೋದದ್ದು ಎಷ್ಟಿಲ್ಲ? ತಪ್ಪು ಕೋಡಿನದ್ದು, ಕಂಪ್ಯೂಟರಿನದ್ದಲ್ಲ.

ಪಡುಬಿದ್ರಿ: ಬಂದರಲ್ಲಿ ಒಂದು ದಿನ ಕೂತು ನೋಡಿ ಆಮೇಲೆ ಮಾತಾಡಿ. ಹಾಸ್ಟೆಲಲ್ಲಿ ಕೂತು ಹೇಳುವುದು ಸುಲಭ.

ಮಣಿಪಾಲ: ನಾನು ಹಾಸ್ಟೆಲಲ್ಲಿಲ್ಲ. ನಮ್ಮ ಮನೆಯದ್ದೂ ಬೋಟು ಉಂಟು. ಗೊತ್ತಿಲ್ಲದೆ ಮಾತಾಡಬೇಡಿ.

ಅಡ್ಮಿನ್: ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಉತ್ತರ: ಮಲ್ಪೆಯವರೇ, ಈಗ ಸರಿ ಮಾಡುವ ಕೆಲಸ. ಇವತ್ತೇ ಮಾಡಬೇಕಾದದ್ದು ಒಂದೇ. ಆ ಕನ್ಫರ್ಮ್ ಸಾಲನ್ನು ತೆಗೆದುಬಿಡಿ. ಎರಡನೇ ಎಂಟ್ರಿ ಕೇಳದೆ ಉಳಿಯಲಿ. ಜಾಸ್ತಿ ಬಂದ ಎಂಟ್ರಿಯನ್ನು ಆಮೇಲೆ ಅಳಿಸಬಹುದು. ಹೋದ ಎಂಟ್ರಿಯನ್ನು ಎಲ್ಲಿಂದ ತರುವುದು?

ವಾರದೊಳಗೆ ಇನ್ನೆರಡು. ಮೊದಲನೆಯದು, ಇಪ್ಪತ್ತು ಸಲ ಕೇಳಬೇಡಿ. ಎರಡೆರಡು ಸಲ ಬಂದ ಬೋಟುಗಳನ್ನೆಲ್ಲ ಒಂದೇ ಡಯಲಾಗ್ ಟ್ಯಾಗಲ್ಲಿ ಪಟ್ಟಿ ಮಾಡಿ ತೋರಿಸಿ. ಬೇಡದ್ದಕ್ಕೆ ಮಾತ್ರ ಹುಡುಗ ಟಿಕ್ ಹಾಕಲಿ. ಎಸ್ಕೇಪ್ ಒತ್ತಿದರೆ, ಟ್ಯಾಬ್ ಬದಲಾದರೆ, ಕರೆಂಟ್ ಹೋದರೆ, ಏನೂ ಅಳಿಯಬಾರದು. ಉತ್ತರ ಬಾರದಿದ್ದರೆ ಎಂಟ್ರಿ ಇದ್ದಲ್ಲೇ ಇರಬೇಕು. ಎರಡನೆಯದು, ಡೇಟಾಬೇಸಿಂದ ಸಾಲನ್ನು ಅಳಿಸಲೇ ಬೇಡಿ. "ರದ್ದು" ಅಂತ ಒಂದು ಗುರುತು, ಯಾವ ಹೊತ್ತಿಗೆ ಅಂತ ಒಂದು ಸಮಯ, ಅಷ್ಟು ಹಾಕಿ. ಹಣದ ಲೆಕ್ಕದಲ್ಲಿ ಅಳಿಸುವ ಬಟನ್ ಇರಬಾರದು. ನಿಮ್ಮ ಪಡುಬಿದ್ರಿಯವರ ಅಪ್ಪನೂ ಪುಸ್ತಕದಲ್ಲಿ ಗೀರು ಹಾಕುತ್ತಿದ್ದರೇ ಹೊರತು ಹಾಳೆ ಹರಿಯುತ್ತಿರಲಿಲ್ಲ.

ಮಣಿಪಾಲ: ಡಯಲಾಗ್ ಬದಲು ಹೊಸ ಪಾಪ್‌ಓವರ್ ಆಟ್ರಿಬ್ಯೂಟ್ (ಯಾವ ಟ್ಯಾಗನ್ನೂ ಪಾಪ್‌ಅಪ್ ಮಾಡುವ ಗುರುತು) ಬಳಸಬಹುದಲ್ಲ ಅಕ್ಕ?

ಉತ್ತರ: ಅಲ್ಲಿ ಬೇಡ. ವಿಂಡೋಸ್ 7ಕ್ಕೆ ಸಿಗುವ ಕೊನೆಯ ಫೈರ್‌ಫಾಕ್ಸ್ 115. ಪಾಪ್‌ಓವರ್ ಫೈರ್‌ಫಾಕ್ಸ್‌ಗೆ ಬಂದದ್ದು 125ರಲ್ಲಿ. ಕ್ರೋಮ್ ಅಂತೂ ವಿಂಡೋಸ್ 7ರಲ್ಲಿ 109ಕ್ಕೇ ನಿಂತಿದೆ, ಅದರಲ್ಲೂ ಇಲ್ಲ. ಡಯಲಾಗ್ ಟ್ಯಾಗ್ ಎರಡರಲ್ಲೂ ನಡೆಯುತ್ತದೆ. ಕೋಡ್ ಬರೆಯುವ ಮೊದಲು ಕೌಂಟರಿನ ಕಂಪ್ಯೂಟರ್ ಯಾವುದು ಅಂತ ಕೇಳಬೇಕು.

ಕಂಕನಾಡಿ, ಎಡ್ಜ್: ನಮ್ಮ ಆಫೀಸಿನ ಹಳೆ ಸಾಫ್ಟ್‌ವೇರಲ್ಲಿ "ಆಯ್ಕೆ ಮಾಡಿ" ಒತ್ತಿದರೆ ಸಣ್ಣ ವಿಂಡೋ ಬರುತ್ತಿತ್ತು. ಈಗ ಯಾವ ಬ್ರೌಸರಲ್ಲೂ ಇಲ್ಲ.

ಉತ್ತರ: ಅದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದ ಶೋಮಾಡಲ್‌ಡಯಲಾಗ್ ಇರಬೇಕು. ಕ್ರೋಮ್ 2014ರಲ್ಲಿ ಬಿಟ್ಟಿತು, ಫೈರ್‌ಫಾಕ್ಸ್ 2017ರಲ್ಲಿ. ಎಕ್ಸ್‌ಪ್ಲೋರರ್ 11 ಕೂಡ 2022ರ ಜೂನ್ 15ಕ್ಕೆ ಮುಗಿಯಿತು. ಸದ್ಯಕ್ಕೆ ಎಡ್ಜಿನ ಐಇ ಮೋಡಲ್ಲಿ (ಹಳೆ ಎಕ್ಸ್‌ಪ್ಲೋರರಿನ ಹಾಗೆ ತೆರೆಯುವ ವ್ಯವಸ್ಥೆ) ತೆರೆಯಿರಿ. ಕಡಿಮೆ ಎಂದರೆ 2029ರವರೆಗೆ ಅದು ಇರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಅಷ್ಟರೊಳಗೆ ಹೊಸತು ಬರೆಸಿ.

ಬ್ರಹ್ಮಾವರ: ಪುಟ ಬಿಟ್ಟು ಹೋಗುವಾಗ "ಸೇವ್ ಮಾಡಿಲ್ಲ, ಹೋಗಬೇಡಿ" ಅಂತ ಕನ್ನಡದಲ್ಲಿ ತೋರಿಸುವುದು ಹೇಗೆ?

ಉತ್ತರ: ಆಗುವುದಿಲ್ಲ. ಕ್ರೋಮ್ 51 ಆದ ಮೇಲೆ ನಿಮ್ಮ ಮಾತು ಅಲ್ಲಿ ಬರುವುದಿಲ್ಲ. ಬ್ರೌಸರಿನ ಮಾತೇ ಬರುತ್ತದೆ. ಐಫೋನಲ್ಲಿ ಅದನ್ನೂ ನಂಬಬೇಡಿ. ಆಗಾಗ ತಾನಾಗಿ ಸೇವ್ ಆಗುವ ಹಾಗೆ ಮಾಡಿ.

ಬೆಳ್ತಂಗಡಿ: ಮೇಡಂ ಐಫೋನಲ್ಲಿ ಪಾಪ್‌ಅಪ್...

ಉತ್ತರ: ಮೇಲೆ ಇದೆ.

ಕಟಪಾಡಿ: ಅಪ್ಪನ ಆಂಡ್ರಾಯ್ಡ್ ಫೋನಲ್ಲಿ ಹತ್ತು ನಿಮಿಷಕ್ಕೊಮ್ಮೆ "ವೈರಸ್ ಇದೆ, ಈಗಲೇ ತೆಗೆಯಿರಿ" ಅಂತ ಪಾಪ್‌ಅಪ್ ಬರುತ್ತದೆ. ಯಾರೋ ಒಂದು ಕ್ಲೀನರ್ ಆಪ್ ಕಳಿಸಿದ್ದಾರೆ. ಹಾಕಬಹುದಾ?

ಉತ್ತರ: ಹಾಕಬೇಡಿ! ಹೆಚ್ಚಾಗಿ ಇದು ವೈರಸ್ ಅಲ್ಲ. ಯಾವುದೋ ಪೇಜಲ್ಲಿ ಅಪ್ಪ "ಅಲೋ" ಒತ್ತಿರುತ್ತಾರೆ. ಆ ಸೈಟ್ ನೋಟಿಫಿಕೇಶನ್ ಕಳಿಸುತ್ತಿದೆ. ಸಂದೇಶದಲ್ಲಿ ಕ್ರೋಮ್ ಹೆಸರು, ಸೈಟಿನ ಹೆಸರು ಇರುತ್ತದೆ ನೋಡಿ. ಕ್ರೋಮಿನ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಆ ಸೈಟನ್ನು ತಡೆಯಿರಿ. ಪಾಪ್‌ಅಪ್ ಬ್ಲಾಕರಿಗೂ ಇದಕ್ಕೂ ಸಂಬಂಧ ಇಲ್ಲ. ಅಪ್ಪ ಅದನ್ನು ಒತ್ತಿ ಯಾರಿಗಾದರೂ ಫೋನ್ ಮಾಡಿದ್ದಾರಾ, ಒಟಿಪಿ ಹೇಳಿದ್ದಾರಾ, ಪರದೆ ತೋರಿಸುವ ಆಪ್ ಹಾಕಿದ್ದಾರಾ ಕೇಳಿ. ಬೈಯದೆ ಕೇಳಿ, ಬೈದರೆ ಹೇಳುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕುಂದಾಪುರ: *ಫಾರ್ವರ್ಡ್ ಸಂದೇಶ* ಫೋನಿನ ವೈರಸ್ ತೆಗೆಯುವ ಉಚಿತ ಆಪ್, ಕೆಳಗಿನ ಲಿಂಕ್ ಒತ್ತಿ...

ಉತ್ತರ: ಅಡ್ಮಿನ್, ಇದನ್ನು ಈಗಲೇ ಅಳಿಸಿ. ನಾನು ಈಗಷ್ಟೇ ಹಾಕಬೇಡಿ ಅಂತ ಬರೆದೆ, ಅದರ ಕೆಳಗೇ ಲಿಂಕ್. ಕುಂದಾಪುರದವರೇ, ನೀವು ಇದನ್ನು ನಿಮ್ಮ ಫೋನಲ್ಲಿ ಹಾಕಿ ನೋಡಿದ್ದೀರಾ? ಇಲ್ಲ ಅಂದರೆ ಬೇರೆಯವರ ಅಪ್ಪಂದಿರಿಗೆ ಯಾಕೆ ಕಳಿಸುತ್ತೀರಿ?

ಕುಂದಾಪುರ: ಗುಂಪು ಅಂದ ಮೇಲೆ ನಾಲ್ಕು ವಿಷಯ ಹಂಚಿಕೊಳ್ಳುತ್ತಾರೆ. ನಿಮ್ಮದು ಜಾಸ್ತಿ ಆಯ್ತು ಮೇಡಂ.

ಅಡ್ಮಿನ್: ಅಳಿಸಿದ್ದೇನೆ. ಇನ್ನೊಮ್ಮೆ ಲಿಂಕ್ ಬಂದರೆ ಗುಂಪಿಂದ ತೆಗೆಯುತ್ತೇನೆ.

ಕಾರ್ಕಳ: ಹೌದು, ಎಲ್ಲರನ್ನೂ ತೆಗೆಯಿರಿ. ನೀವು ಇಬ್ಬರೇ ಇರಿ.

ಪುತ್ತೂರು: ಆಂಡ್ರಾಯ್ಡ್ ಆಪ್ ಒಳಗೆ ವೆಬ್ ಪೇಜ್ ತೋರಿಸುವ ವೆಬ್‌ವ್ಯೂ ಹಾಕಿದ್ದೇನೆ. ಅಲರ್ಟ್ ಬರುವುದಿಲ್ಲ.

ಉತ್ತರ: ಅಲರ್ಟನ್ನು ಪರದೆಗೆ ತರುವ ವೆಬ್‌ಕ್ರೋಮ್‌ಕ್ಲೈಂಟ್ ಹಾಕಿಲ್ಲ. ಹಾಕಿ.

ಪುತ್ತೂರು: ಹೇಗೆ ಹಾಕುವುದು?

ಸುಳ್ಯ: ನನ್ನ ಲ್ಯಾಪ್‌ಟಾಪ್ ಪ್ರಶ್ನೆಗೆ ಯಾರೂ ಹೇಳಲಿಲ್ಲ.

ಮಲ್ಪೆ: ಅಕ್ಕ, ಕನ್ಫರ್ಮ್ ಸಾಲು ತೆಗೆದೆ. ಹುಡುಗನ ಹತ್ತಿರ ಮಾತಾಡಿದೆ. ಟಿಕ್ ಮಾಡಿದ್ದು ಹೌದಂತೆ, ಅದರಿಂದ ಲೆಕ್ಕ ಹೋಗುತ್ತದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಅವನು ಬೆಳಿಗ್ಗೆ ಬರೆದ ಚೀಟಿ ಎಲ್ಲ ಡ್ರಾಯರಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಾನೆ, ಆಗಸ್ಟಿಂದ ಒಂದೂ ಬಿಸಾಡಿಲ್ಲ. ಮಾವ ಈಗ ಅವನ ಜೊತೆಗೇ ಕೂತು ತಾಳೆ ನೋಡುತ್ತಿದ್ದಾರೆ.

ಉತ್ತರ: ಅಬ್ಬಾ, ಸಮಾಧಾನ ಆಯ್ತು. ಚೀಟಿ ನೋಡಿ ಎಂಟ್ರಿ ಹಾಕುವಾಗ ಹಳೆಯ ತಾರೀಖೇ ಹಾಕಿ, ಇವತ್ತಿನದ್ದಲ್ಲ. ಮತ್ತೆ ಹೊಸ ಡಯಲಾಗ್ ಬರೆದ ಮೇಲೆ ನೀವು ಮನೆಯಲ್ಲಿ ನೋಡುವುದು ಬೇಡ. ಬೆಳಿಗ್ಗೆ ನಾಲ್ಕಕ್ಕೆ ಕೌಂಟರಿಗೆ ಹೋಗಿ ಅವನ ಹಿಂದೆ ನಿಂತು ನೋಡಿ.